ಶೆಡ್ಡಿನಲ್ಲಿ ನಿಂತಿರುವ 1996ರ ಮರ್ಸಿಡಿಸ್: ಮಾರಬೇಕೇ, ಇಟ್ಟುಕೊಳ್ಳಬೇಕೇ?

ಪ್ರಶ್ನೆ: ನಾವು ಹುಬ್ಬಳ್ಳಿಯ ಕೇಶ್ವಾಪುರದವರು. ತಂದೆಯವರು ಗದಗಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. 1996ರಲ್ಲಿ ಅವರು ಹೊಸದಾಗಿ ಕೊಂಡ ಮರ್ಸಿಡಿಸ್ ಇ 250 ಡೀಸೆಲ್ ಕಾರು ಕೆಎ 25 ನಂಬರಿನಲ್ಲಿದೆ, ಈವರೆಗೆ ಬೇರೆಯವರ ಕೈಗೆ ಹೋಗಿಲ್ಲ. ತಂದೆ ತೀರಿಕೊಂಡು ಎರಡು ವರ್ಷವಾಯಿತು. ಕಾರು ಅದಕ್ಕೂ ಮೊದಲಿನಿಂದ ಗದಗಿನ ಗೋದಾಮಿನ ಶೆಡ್ಡಿನಲ್ಲಿ ನಿಂತಿದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಬೆಂಗಳೂರಿನ ವ್ಯಾಪಾರಿಯೊಬ್ಬರು ಎರಡೂವರೆ ಲಕ್ಷ ಕೊಡುತ್ತೇನೆ, ತಂದೆಯವರು ಸಹಿ ಮಾಡಿಟ್ಟ ಖಾಲಿ ಫಾರಂ ಇದ್ದರೆ ಸಾಕು ಎನ್ನುತ್ತಾರೆ. ಅಣ್ಣನಿಗೆ ಮಾರುವ ಮನಸ್ಸಿಲ್ಲ. ಜರ್ಮನಿಯಲ್ಲಿ ಇವುಗಳ ಬೆಲೆ ಏರುತ್ತಲೇ ಇದೆ, ಹತ್ತು ವರ್ಷ ಇಟ್ಟರೆ ಒಳ್ಳೆಯ ದುಡ್ಡು ಬರುತ್ತದೆ ಎನ್ನುತ್ತಾನೆ. ಮುಂಬೈಯಲ್ಲಿ 1982ರ ಡಬ್ಲ್ಯು 123 ಮಾದರಿಯ ಇನ್ನೊಂದು ಮರ್ಸಿಡಿಸ್ ಕಾರನ್ನೂ ನೋಡಿಟ್ಟಿದ್ದಾನೆ. ಯಾರ ಮಾತು ಕೇಳಬೇಕು?

ಉತ್ತರ: ಗುಜರಿಯವರ ಮಾತನ್ನು ಮೊದಲು ಬದಿಗಿಡಿ. ಒಬ್ಬರೇ ಮಾಲೀಕರ ಕೈಯಲ್ಲಿ ಇಷ್ಟು ವರ್ಷ ಉಳಿದು ಬಂದ, ಎಂಜಿನ್ ಬದಲಾಗದ ಆ ಕಾರನ್ನು ಒಡೆಸುವುದು ನನಗೆ ಸಂಕಟದ ವಿಷಯ. ನಿಮ್ಮ ಅಣ್ಣನವರು ಹೇಳುವುದರಲ್ಲಿ ಸತ್ಯವಿದೆ, ಆದರೆ ಅದು ಜರ್ಮನಿಯ ಸತ್ಯ. ಅಲ್ಲಿನ ಬೆಲೆ ಗದಗಿನ ಶೆಡ್ಡಿಗೆ ಹಾಗೆಯೇ ಬಂದು ಮುಟ್ಟುವುದಿಲ್ಲ. ನನ್ನ ಸಲಹೆ ಇಷ್ಟು: ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಕಾರನ್ನು ಓಡುವ ಸ್ಥಿತಿಗೆ ತನ್ನಿ, ಒಂದು ವರ್ಷ ನೀವೇ ಓಡಿಸಿ. ಓಡಿಸುವಾಗ ಖುಷಿಯೆನಿಸಿದರೆ ಇಟ್ಟುಕೊಳ್ಳಿ, ಇಲ್ಲವಾದರೆ ಆಗ ಮಾರಿ. ಬೆಲೆ ಏರಲಿ ಎಂದು ಕಾಯುತ್ತಾ ಶೆಡ್ಡಿನಲ್ಲೇ ನಿಲ್ಲಿಸುವುದು ಮಾತ್ರ ಬೇಡ.

ಹಳೆಯ ಜರ್ಮನ್ ಕಾರುಗಳ ಬೆಲೆ ಏಕೆ ಏರಿತು ಎಂಬುದು ತಿಳಿದರೆ ನಿಮ್ಮ ಕಾರಿನ ಬೆಲೆ ಏಕೆ ಅಷ್ಟು ಏರಿಲ್ಲ ಎಂಬುದೂ ತಿಳಿಯುತ್ತದೆ. ಮೊದಲ ಕಾರಣ ಕೊಳ್ಳುವವರ ವಯಸ್ಸು. ಹದಿನೈದರಲ್ಲಿ ಗೋಡೆಗೆ ಚಿತ್ರ ಅಂಟಿಸಿಕೊಂಡು ಕನಸು ಕಂಡ ಕಾರನ್ನು ಮನುಷ್ಯ ನಲವತ್ತೈದು ಐವತ್ತರಲ್ಲಿ, ಕೈಯಲ್ಲಿ ದುಡ್ಡು ಕೂಡಿದಾಗ ಕೊಳ್ಳುತ್ತಾನೆ. ಎಂಬತ್ತು ತೊಂಬತ್ತರ ದಶಕದಲ್ಲಿ ಹುಡುಗರಾಗಿದ್ದವರ ಸರದಿ ಈಗ ಬಂದಿದೆ. ಎರಡನೆಯದು, ಆ ಕಾಲದ ಕಾರುಗಳನ್ನು ಸ್ಪ್ಯಾನರ್ ಹಿಡಿದವನೊಬ್ಬ ಬಿಚ್ಚಿ ನೋಡಿ ಅರ್ಥ ಮಾಡಿಕೊಳ್ಳಬಹುದಿತ್ತು. ನಂತರ ಬಂದವುಗಳಲ್ಲಿ ಕಂಪ್ಯೂಟರ್ ಕೆಟ್ಟರೆ ಕಾರೇ ಕೆಟ್ಟಂತೆ. ಗಾಳಿಯಿಂದ ತಂಪಾಗುವ ಎಂಜಿನ್ನಿನ ಪೋರ್ಷೆ 911 ಕಾರುಗಳು 1998ಕ್ಕೆ ನಿಂತವು, ಅಲ್ಲಿಂದಾಚೆಗೆ ನೀರು ಬಂತು. ಆ ಗೆರೆಯ ಈಚೆಗೂ ಆಚೆಗೂ ಇರುವ ಎರಡು 911 ಕಾರುಗಳ ಬೆಲೆಯಲ್ಲಿ ಎಷ್ಟು ಅಂತರವಿದೆ ಎಂದು ನೋಡಿದರೆ ಸಾಕು, ಉತ್ಸಾಹಿಗಳು ಯಾವುದಕ್ಕೆ ದುಡ್ಡು ಸುರಿಯುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ.

ಮೂರನೆಯ ಕಾರಣ ಕಾನೂನು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಜರ್ಮನಿಯಲ್ಲಿ ಮೂವತ್ತು ವರ್ಷ ತುಂಬಿದ, ಮೂಲರೂಪದಲ್ಲಿ ಉಳಿದಿರುವ ಕಾರಿಗೆ ಕೊನೆಯಲ್ಲಿ ‘ಎಚ್’ ಅಕ್ಷರವಿರುವ ವಿಶೇಷ ನಂಬರ್ ಪ್ಲೇಟ್ ಕೊಡುತ್ತಾರೆ. 1997ರಿಂದ ಈ ಪದ್ಧತಿ ಇದೆ. ಆ ಪ್ಲೇಟ್ ಸಿಕ್ಕರೆ ಎಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷದ ತೆರಿಗೆ ಸುಮಾರು 192 ಯೂರೋ ಮಾತ್ರ. ಹೊಗೆಯ ಕಾರಣಕ್ಕೆ ಹಳೆಯ ಡೀಸೆಲ್ ಕಾರುಗಳನ್ನು ಬಿಡದ ನಗರ ವಲಯಗಳಿಗೂ ಅದಕ್ಕೆ ಪ್ರವೇಶವಿದೆ. 2008ರಿಂದ ಅಂಥ ವಲಯಗಳು ಬಂದಾಗ ಅಲ್ಲಿನ ಜನ ಹಳೆಯ ಡೀಸೆಲ್ ಮರ್ಸಿಡಿಸ್ ಕಾರುಗಳನ್ನು ಸಿಕ್ಕ ಬೆಲೆಗೆ ಮಾರಿಬಿಟ್ಟರು. ಅವು ಪೂರ್ವ ಯುರೋಪಿಗೂ ಆಫ್ರಿಕಾಕ್ಕೂ ಹೋದವು. ಹಾಗೆ ಸಂಖ್ಯೆ ಇಳಿದ ಮೇಲೆ, ಉಳಿದುಕೊಂಡವುಗಳಿಗೆ ಮೂವತ್ತು ತುಂಬಿ ‘ಎಚ್’ ಭಾಗ್ಯ ಬಂತು. ಬೆಲೆ ಏರದೆ ಇನ್ನೇನಾದೀತು? ಅಮೆರಿಕದಲ್ಲೂ ಇಂಥದೇ ಒಂದು ಗಡಿಯಿದೆ: ಹೊರದೇಶದ ಕಾರಿಗೆ ಇಪ್ಪತ್ತೈದು ವರ್ಷ ತುಂಬಿದರೆ ಅಲ್ಲಿನ ಸುರಕ್ಷತಾ ಮಾನದಂಡಗಳ ಅಡ್ಡಿಯಿಲ್ಲದೆ ಒಳಗೆ ತರಬಹುದು. ಆ ವರ್ಷ ಹತ್ತಿರವಾದಂತೆಲ್ಲ ಆಯಾ ಮಾದರಿಗೆ ಬೇಡಿಕೆ ಏಳುತ್ತದೆ.

ಇನ್ನು ಬಿಡಿಭಾಗ. ಮರ್ಸಿಡಿಸ್ ಕಂಪನಿ 1993ರಲ್ಲೇ ಸ್ಟಟ್‌ಗಾರ್ಟ್ ಪಕ್ಕದ ಫೆಲ್‌ಬಾಕ್ ಊರಿನಲ್ಲಿ ಹಳೆಯ ಕಾರುಗಳಿಗೆಂದೇ ಪ್ರತ್ಯೇಕ ಕೇಂದ್ರ ತೆರೆಯಿತು. ಪೋರ್ಷೆ, ಬಿಎಂಡಬ್ಲ್ಯು ಕಂಪನಿಗಳಲ್ಲೂ ಅಂಥ ವಿಭಾಗಗಳಿವೆ. ನಲವತ್ತು ವರ್ಷದ ಕಾರಿಗೆ ಹೊಸ ರಬ್ಬರ್ ಬೀಡಿಂಗ್ ಕಂಪನಿಯಿಂದಲೇ ಸಿಗುತ್ತದೆ ಎಂಬ ಧೈರ್ಯವಿದ್ದರೆ ಕೊಳ್ಳುವವನು ಹಿಂಜರಿಯುವುದಿಲ್ಲ.

ಆದರೆ ಏರಿಕೆ ಎಲ್ಲಕ್ಕೂ ಒಂದೇ ತೆರನಾಗಿ ಬಂದಿಲ್ಲ. 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ 13.5 ಕೋಟಿ ಯೂರೋಗೆ ಹರಾಜಾಯಿತು. ಅಂಥವು ತಯಾರಾದದ್ದೇ ಎರಡು. ಅದರ ಸುದ್ದಿ ಓದಿ ಇ 250ರ ಬೆಲೆ ಕಟ್ಟಬಾರದು. ನಿಮ್ಮ ಇ 250 ಡಬ್ಲ್ಯು 124 ಎಂಬ ಮಾದರಿಯದು. ಅದೇ ಕುಟುಂಬದಲ್ಲಿ ಉದಾಹರಣೆ ಬೇಕೆಂದರೆ ಡಬ್ಲ್ಯು 124ರ 500 ಇ ನೋಡಿ. ಪೋರ್ಷೆ ಕಾರ್ಖಾನೆಯ ನೆರವಿನಿಂದ ಕಟ್ಟಿದ ಆ ವಿ8 ಕಾರು ಸುಮಾರು 10,500 ಮಾತ್ರ ತಯಾರಾಯಿತು. ಅದರ ಬೆಲೆ ನಿಜಕ್ಕೂ ಏರಿದೆ. ಬಿಎಂಡಬ್ಲ್ಯು ಇ30 ಮಾದರಿಯಲ್ಲಿ ಎಂ3 ಕಾರಿನ ಕಥೆಯೂ ಅದೇ. ಆದರೆ ಸಾಮಾನ್ಯ ಡಬ್ಲ್ಯು 124 ಎಲ್ಲ ರೂಪಗಳಲ್ಲೂ ಸೇರಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಅದರ ಡೀಸೆಲ್ ಸೆಡಾನ್ ಅಲ್ಲಿ ಟ್ಯಾಕ್ಸಿಯಾಗಿಯೇ ಬದುಕಿತು. ಚೆನ್ನಾಗಿ ಉಳಿದವುಗಳಿಗೆ ಬೆಲೆ ಬಂದಿದೆ ನಿಜ, ಆದರೆ ಅದು ಮೆಟ್ಟಿಲು ಹತ್ತುವ ಏರಿಕೆ. ನಿಮ್ಮ ಅಣ್ಣನವರು ಅಂತರ್ಜಾಲದಲ್ಲಿ ನೋಡುತ್ತಿರುವುದು ಮಾರುವವರು ಕೇಳುವ ಬೆಲೆ. ಹರಾಜು ಮುಗಿದ ಮೇಲೆ ನಿಜವಾಗಿ ಕೈ ಬದಲಾದ ಬೆಲೆಯನ್ನು ನೋಡಲು ಹೇಳಿ, ಅಂತರ ಅಲ್ಲೇ ಕಾಣುತ್ತದೆ. ಕೊರೋನಾ ಕಾಲದಲ್ಲಿ ಮನೆಯಲ್ಲಿ ಕುಳಿತ ಜನ ಆನ್‌ಲೈನ್ ಹರಾಜಿನಲ್ಲಿ ಏರಿಸಿದ ಎಷ್ಟೋ ಬೆಲೆಗಳು ಆಮೇಲೆ ಇಳಿದಿವೆ ಎಂಬುದನ್ನೂ ಮರೆಯಬಾರದು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಮಾರುಕಟ್ಟೆಗೆ ಎರಡೂ ಕಡೆ ಬಾಗಿಲು ಹಾಕಿದೆ. ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಹೊರದೇಶದಿಂದ ತರಿಸುವಂತಿಲ್ಲ. ಆದ್ದರಿಂದ ಇಲ್ಲಿರುವ ಡಬ್ಲ್ಯು 124 ಕಾರುಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ, ಪ್ರತಿ ವರ್ಷ ಒಂದಿಷ್ಟು ಗುಜರಿಗೆ ಹೋಗಿ ಕಡಿಮೆಯಾಗುತ್ತದೆ. ಇದು ನಿಮಗೆ ಅನುಕೂಲ. ಇನ್ನೊಂದು ಕಡೆ, ಜರ್ಮನ್ ಗಿರಾಕಿ ನಿಮ್ಮ ಕಾರನ್ನು ಕೊಳ್ಳಲು ಬರುವುದಿಲ್ಲ. ಬಲಗಡೆ ಸ್ಟಿಯರಿಂಗ್ ಇರುವ, ಪುಣೆಯಲ್ಲಿ ಜೋಡಿಸಿದ ಡೀಸೆಲ್ ಸೆಡಾನ್ ಅವನಿಗೆ ಬೇಕಿಲ್ಲ. ಹಾಗಾಗಿ ನಿಮ್ಮ ಗಿರಾಕಿ ಬೆಂಗಳೂರು, ಪುಣೆ, ಮುಂಬೈ, ಕೊಚ್ಚಿ ಕಡೆಯವನು. ಅವರ ಸಂಖ್ಯೆ ಹೆಚ್ಚುತ್ತಿದೆ, ಆದರೂ ಸಣ್ಣದು. ಇದರ ಮೇಲೆ ದೆಹಲಿಯ ಪ್ರಭಾವವೂ ಇದೆ. ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದಾಗಿನಿಂದ ಅಲ್ಲಿನ ದೊಡ್ಡ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಇಳಿದವು. ಹದಿನೈದು ವರ್ಷದ ಐಷಾರಾಮಿ ಕಾರು ಆ ಬೆಲೆಗೆ ಸಿಗುವಾಗ ಮೂವತ್ತು ವರ್ಷದ್ದನ್ನು ಬಯಸಿ ಬರುವವನು ನಿಜವಾದ ಉತ್ಸಾಹಿಯೇ ಆಗಿರುತ್ತಾನೆ, ಮತ್ತು ಅಂಥವನು ಪ್ರತಿ ಬೋಲ್ಟನ್ನೂ ನೋಡುತ್ತಾನೆ.

ನಿಮ್ಮ ಕಾರಿನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದು ಬೆಲೆಗೂ ಸಂಬಂಧಿಸಿದ್ದು. ಟಾಟಾದವರ ಟೆಲ್ಕೋ ಕಂಪನಿಯ ಜೊತೆ ಸೇರಿ ಮರ್ಸಿಡಿಸ್ ಭಾರತಕ್ಕೆ ಬಂದದ್ದು 1994ರಲ್ಲಿ. ಮರುವರ್ಷ ಪುಣೆಯಲ್ಲಿ ಜೋಡಿಸಿ ಹೊರತಂದ ಮೊದಲ ಮಾದರಿಯೇ ಡಬ್ಲ್ಯು 124. ಜರ್ಮನಿಯಲ್ಲಿ ಅದೇ ಹೊತ್ತಿಗೆ ಅದರ ಜಾಗಕ್ಕೆ ಹೊಸ ಡಬ್ಲ್ಯು 210 ಬಂದಿತ್ತು, ಹಾಗಾಗಿ ಹಳೆಯ ಮಾದರಿಯನ್ನು ನಮಗೆ ಕೊಟ್ಟರು ಎಂದು ಇಲ್ಲಿ ಬೇಸರಪಟ್ಟವರಿದ್ದರು. ಕಾಲ ಕಳೆದ ಮೇಲೆ ತೀರ್ಪು ತಿರುಗಿತು. ಹೊಸ ಡಬ್ಲ್ಯು 210 ತುಕ್ಕಿಗೆ ಹೆಸರಾಯಿತು, ಹಳೆಯ ಡಬ್ಲ್ಯು 124 ಗಟ್ಟಿತನಕ್ಕೆ ಹೆಸರಾಯಿತು. ಮರ್ಸಿಡಿಸ್ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಬ್ರೂನೋ ಸಾಕೋ ಅವರ ಮುಂದಾಳತ್ವದಲ್ಲಿ ಮೂಡಿದ ಆ ರೂಪದಲ್ಲಿ ಒಂದೂ ಅನಗತ್ಯ ಗೆರೆಯಿಲ್ಲ. ಮಳೆ ಬಂದಾಗ ಅದರ ಒಂಟಿ ವೈಪರನ್ನು ಗಮನಿಸಿ. ಅದು ಬರೀ ಅರ್ಧವೃತ್ತ ಹೊಡೆಯುವುದಿಲ್ಲ. ಮೂಲೆಯ ಹತ್ತಿರ ಬಂದಾಗ ತೋಳು ಉದ್ದವಾಗಿ ಮೇಲಕ್ಕೆ ಚಾಚುತ್ತದೆ, ನಡುವೆ ಮತ್ತೆ ಒಳಗೆ ಸರಿಯುತ್ತದೆ. ಹಾಗೆ ಗಾಜಿನ ಶೇಕಡ 86 ಭಾಗವನ್ನು ಒಂದೇ ತೋಳು ಒರೆಸುತ್ತದೆ. ಈ ಚಲನೆ ಹೊರಡುವುದು ಬುಡದಲ್ಲಿರುವ ಗೇರುಗಳಿಂದ. ಅದಕ್ಕೆ ಕಾಲಕಾಲಕ್ಕೆ ಗ್ರೀಸು ಹಾಕದಿದ್ದರೆ ಬಿಗಿದುಕೊಂಡು ಮೋಟಾರು ಸುಡುತ್ತದೆ. ಕೊಳ್ಳಲು ಬರುವ ಜಾಣ ಮೊದಲು ಚಾಲೂ ಮಾಡಿಸಿ ನೋಡುವುದೇ ಅದನ್ನು, ಏಕೆಂದರೆ ವೈಪರಿಗೆ ಗ್ರೀಸು ಹಾಕಿಸಿದ ಮಾಲೀಕ ಉಳಿದದ್ದನ್ನೂ ನೋಡಿಕೊಂಡಿರುತ್ತಾನೆ.

ಐದು ಸಿಲಿಂಡರಿನ 2,497 ಸಿಸಿ ಡೀಸೆಲ್ ಎಂಜಿನ್ ಬಗ್ಗೆ ನನಗೆ ಚಿಂತೆಯಿಲ್ಲ. ಈ ಮನೆತನದ ಎಂಜಿನ್ನುಗಳ ಆಯಸ್ಸು ದೊಡ್ಡದು. ಇದಕ್ಕೂ ಹಿಂದಿನ ತಲೆಮಾರಿನ 240 ಡಿ ಕಾರೊಂದನ್ನು ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದಾರೆ. ಆ ಓಟದಲ್ಲಿ ಎಂಜಿನ್ನುಗಳನ್ನು ಬದಲಿಸಬೇಕಾಯಿತು, ಆದರೆ ಕಾರು ಅದೇ. ನಾನು ಚಿಂತಿಸುವುದು ತಗಡಿನ ಬಗ್ಗೆ. ಎಂಜಿನ್ನನ್ನು ಗೋಕುಲ ರಸ್ತೆಯ ಒಳ್ಳೆಯ ಮಿಸ್ತ್ರಿಯೊಬ್ಬ ಕಟ್ಟಿಕೊಟ್ಟಾನು. ತುಕ್ಕು ತಿಂದ ಬಾಡಿಯನ್ನು ಮೊದಲಿನಂತೆ ಮಾಡುವುದಕ್ಕೆ ಕಾರಿನ ಬೆಲೆಯೇ ಸಾಲುವುದಿಲ್ಲ.

ಈ ವಿಷಯದಲ್ಲಿ ನಮ್ಮ ಭಾಗ ಪುಣ್ಯ ಮಾಡಿದೆ. ಗದಗಿನ ಒಣಹವೆ ತಗಡಿಗೆ ಒಳ್ಳೆಯದು. ಹುಬ್ಬಳ್ಳಿಯೂ ಪರವಾಗಿಲ್ಲ. ಧಾರವಾಡ ದಾಟಿ ಮಲೆನಾಡಿನ ಸೆರಗಿಗೆ ಹೋದಂತೆ ತೇವ ಹೆಚ್ಚುತ್ತದೆ. ಘಟ್ಟ ಇಳಿದರೆ ಮುಗಿದೇ ಹೋಯಿತು, ಕಾರವಾರದ ಉಪ್ಪುಗಾಳಿಯಲ್ಲಿ ಕೆಲವು ವರ್ಷ ನಿಂತ ಕಾರನ್ನು ನಾನು ಎಷ್ಟೇ ಅಗ್ಗವಾದರೂ ಕೊಳ್ಳು ಎನ್ನುವುದಿಲ್ಲ. ಹೊರಗಿನ ಗಿರಾಕಿಗಳು ಬಯಲುಸೀಮೆಯ ಕಾರೆಂದರೆ ಹತ್ತು ರೂಪಾಯಿ ಹೆಚ್ಚು ಕೊಡುವುದು ಇದೇ ಕಾರಣಕ್ಕೆ. ಆದರೂ ಒಣ ಊರಿನಲ್ಲಿ ನಿಂತ ಕಾರಿಗೂ ತುಕ್ಕು ಹಿಡಿಯುವ ಜಾಗಗಳಿವೆ. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಚಕ್ರದಿಂದ ಸಿಡಿದ ಎರೆ ಮಡ್‌ಗಾರ್ಡಿನ ಒಳಮಡಿಕೆಗಳಲ್ಲಿ ಅಂಟಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ತಗಡು ಹಪ್ಪಳವಾಗಿರುತ್ತದೆ.

ಆದ್ದರಿಂದ ಯಾವ ನಿರ್ಧಾರಕ್ಕೂ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ ನೋಡಿಸಿ. ಜ್ಯಾಕ್ ಕೊಡುವ ನಾಲ್ಕು ತಾಣಗಳು, ಹಿಂದಿನ ಚಕ್ರದ ಕಮಾನು, ಬ್ಯಾಟರಿಯ ತಟ್ಟೆಯ ಕೆಳಗೆ, ಮುಂಗಾಜಿನ ಕೆಳ ಮೂಲೆಗಳು ಮತ್ತು ಮುಖ್ಯವಾಗಿ ಬಾಗಿಲುಗಳ ಕೆಳಭಾಗಕ್ಕೆ ಹಾಕಿರುವ ಅಗಲವಾದ ಪ್ಲಾಸ್ಟಿಕ್ ಪಟ್ಟಿಗಳ ಹಿಂದೆ ಕೈಹಾಕಿ ನೋಡಬೇಕು. ಆ ಪಟ್ಟಿಗಳನ್ನು ಕ್ಲಿಪ್ ಮುರಿಯದಂತೆ ಬಿಡಿಸುವ ತಾಳ್ಮೆ ಇರುವವನಿಗೇ ಕೆಲಸ ಕೊಡಿ. ಹಿಂದೆ ಅಲ್ಲಲ್ಲಿ ಕಂದು ಪುಡಿ ಕಂಡರೆ ಗಾಬರಿ ಬೇಡ, ಉಜ್ಜಿ ತುಕ್ಕುನಿರೋಧಕ ಬಳಿದರೆ ಆಯಿತು. ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಒಳಗೆ ಇಳಿದರೆ ಲೆಕ್ಕ ಬೇರೆ. ಇಡೀ ಕಾರಿಗೆ ಹೊಸ ಬಣ್ಣ ಹೊಡೆಸೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮೂವತ್ತು ವರ್ಷದ ಕಂಪನಿ ಬಣ್ಣ ಸ್ವಲ್ಪ ಮಂಕಾಗಿದ್ದರೂ ಅದೇ ನಿಮ್ಮ ಕಾರಿನ ಸಾಕ್ಷಿ. ಹೊಸ ಬಣ್ಣ ನೋಡಿದ ತಕ್ಷಣ ಜಾಣ ಗಿರಾಕಿ ಕೆಳಗೆ ಎಷ್ಟು ಪುಟ್ಟಿ ಇದೆ ಎಂದು ಅಳೆಯಲು ಯಂತ್ರ ತೆಗೆಯುತ್ತಾನೆ.

ಮೊದಲ ಸಲ ಚಾಲೂ ಮಾಡುವಾಗ ಆತುರ ಬೇಡ. ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿಬಿಡುವುದು ಎಲ್ಲರೂ ಮಾಡುವ ಕೆಲಸ, ಅದೇ ಹಾನಿಯ ಕೆಲಸ. ವರ್ಷಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಸೇರಿ ಡೀಸೆಲ್ ಲೋಳೆಗಟ್ಟಿರುತ್ತದೆ, ಅದು ಪಂಪಿಗೆ ಹೋದರೆ ಖರ್ಚು ದೊಡ್ಡದು. ಟ್ಯಾಂಕ್ ಖಾಲಿ ಮಾಡಿಸಿ, ಎರಡೂ ಡೀಸೆಲ್ ಫಿಲ್ಟರ್ ಮತ್ತು ಎಂಜಿನ್ ಆಯಿಲ್ ಬದಲಿಸಿ. ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಯಾವುದೂ ಕಚ್ಚಿಕೊಂಡಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಕೀಲಿ ಮುಟ್ಟಬೇಕು. ಗೋದಾಮಿನಲ್ಲಿ ನಿಂತದ್ದೆಂದರೆ ಇಲಿ ಬಂದೇ ಇರುತ್ತದೆ. ಎಂಜಿನ್ ವೈರಿಂಗ್, ಸೀಟಿನ ಕೆಳಗಿನ ವೈರಿಂಗ್ ಎರಡನ್ನೂ ಬೆಳಕು ಹಿಡಿದು ನೋಡಿಸಿ. ಡೀಸೆಲ್ ಹಾಯುವ ಸಣ್ಣ ನಳಿಕೆಗಳ ರಬ್ಬರ್ ರಿಂಗುಗಳು ಒಣಗಿ ಗಾಳಿ ಎಳೆಯುವುದು ಈ ಎಂಜಿನ್ನಿನ ಮಾಮೂಲಿ ದೂರು, ಬೆಳಿಗ್ಗೆ ಚಾಲೂ ಆಗಲು ಸತಾಯಿಸಿದರೆ ಮೊದಲು ಅದನ್ನು ಶಂಕಿಸಿ. ಬ್ರೇಕಿನ ಆಯಿಲ್ ಗಾಳಿಯ ತೇವ ಹೀರಿ ಕೆಟ್ಟಿರುತ್ತದೆ, ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಬಿಗಿದುಕೊಂಡಿರುತ್ತದೆ. ಬ್ರೇಕ್ ಪೂರ್ತಿ ಸರಿಯಾಗುವ ತನಕ ಗದಗಿನಿಂದ ಹುಬ್ಬಳ್ಳಿಗೆ ಓಡಿಸಿಕೊಂಡು ಬರಬೇಡಿ, ಲಾರಿಯಲ್ಲಿ ತನ್ನಿ. ಟೈರುಗಳ ಸಮಾಚಾರ ಸುಲಭ: 195/65 ಆರ್ 15 ಅಳತೆ ಇಂದಿಗೂ ಓಡುವ ಹಲವು ಕಾರುಗಳದ್ದೇ ಆದ್ದರಿಂದ ಹುಬ್ಬಳ್ಳಿಯ ಯಾವ ಟೈರು ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಟೈರಿನಲ್ಲಿ ಗೆರೆ ಎಷ್ಟೇ ಉಳಿದಿರಲಿ, ಬದಲಿಸಿ.

ಖರ್ಚಿನಲ್ಲಿ ನಿಜವಾಗಿ ಹೊಡೆತ ಕೊಡುವುದು ಎರಡು. ಸಸ್ಪೆನ್ಷನ್ನಿನ ಬುಷ್ ಮತ್ತು ಬಾಲ್ ಜಾಯಿಂಟುಗಳು ಒಂದು. ಹಿಂಬದಿಯ ಪ್ರತಿ ಚಕ್ರಕ್ಕೆ ಐದು ತೋಳುಗಳಿವೆ, ಪ್ರತಿ ತೋಳಿಗೂ ರಬ್ಬರ್ ಇದೆ. ಎಲ್ಲ ಹೊಸದು ಹಾಕಿಸಿದ ದಿನ ಈ ಕಾರು ಹೇಗೆ ತೇಲುತ್ತದೆ ಎಂಬುದನ್ನು ಹುಬ್ಬಳ್ಳಿ-ಅಂಕೋಲಾ ರಸ್ತೆಯಲ್ಲಿ ನೀವೇ ನೋಡುವಿರಿ. ಎರಡನೆಯದು ಎಸಿ. ತಂಪು ಹುಟ್ಟಿಸುವ ಇವಾಪೊರೇಟರ್ ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿದೆ. ಅದು ತೂತಾದರೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು, ಮೂವತ್ತು ವರ್ಷದ ಪ್ಲಾಸ್ಟಿಕ್ಕು ಮತ್ತು ಮರದ ಪಟ್ಟಿ ಮುರಿಯದೆ ಮತ್ತೆ ಕೂರಬೇಕು. ಭಾಗದ ಬೆಲೆಗಿಂತ ಕೂಲಿಯೇ ಹೆಚ್ಚು. ಎಸಿ ಗ್ಯಾಸ್ ತುಂಬಿಸುವ ಮೊದಲು ಒತ್ತಡ ಪರೀಕ್ಷೆ ಮಾಡಿಸಿ ತೂತು ಎಲ್ಲಿದೆ ಎಂದು ತಿಳಿದುಕೊಳ್ಳಿ.

ಇದೇ ಕಾಲದ ಪೆಟ್ರೋಲ್ ಡಬ್ಲ್ಯು 124 ಇಟ್ಟುಕೊಂಡಿರುವ ಓದುಗರಿಗೆ ಒಂದು ಮಾತು. ತೊಂಬತ್ತರ ದಶಕದ ಮೊದಲರ್ಧದಲ್ಲಿ ಎಂಜಿನ್ನಿನ ವೈರುಗಳಿಗೆ ಹಾಕಿದ ಹೊದಿಕೆ ಬಿಸಿಗೆ ಪುಡಿಪುಡಿಯಾಗುವ ಜಾತಿಯದು. ಅದನ್ನು ಬದಲಿಸಿಲ್ಲದಿದ್ದರೆ ಮೊದಲು ಅದು. ಈಗಿನ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿಕೊಳ್ಳಿ.

ಕಾಗದಪತ್ರದ ವಿಷಯ. ಇಲ್ಲಿ ನಾನು ಕಟ್ಟುನಿಟ್ಟು. ಖಾಲಿ ಫಾರಂ ಕೇಳಿದ ವ್ಯಾಪಾರಿಯ ಜೊತೆ ಮಾತು ನಿಲ್ಲಿಸಿ. ತೀರಿಕೊಂಡವರ ಹಳೆಯ ಸಹಿಯ ಮೇಲೆ ಮಾರಾಟ ತೋರಿಸುವುದು ಸುಳ್ಳು ದಾಖಲೆ. ನಾಳೆ ಆ ಕಾರು ಅಪಘಾತ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಮಾಲೀಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು ಎಂಬುದು ನಿಯಮ. ನಿಮ್ಮದು ತಡವಾಗಿದೆ, ದಂಡ ಕಟ್ಟಬೇಕಾದೀತು, ಆದರೆ ಆಗದ ಕೆಲಸವಲ್ಲ. ಮರಣ ಪ್ರಮಾಣಪತ್ರ, ವಾರಸಾ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅಂದರೆ ಅಣ್ಣನವರೂ ತಾಯಿಯವರೂ ಸಹಿ ಹಾಕಬೇಕು. ಮಾರುವುದೋ ಬಿಡುವುದೋ ಎಂಬ ಮಾತನ್ನು ಅಲ್ಲಿಯೇ ಮುಗಿಸಿಕೊಳ್ಳಿ.

ಜೊತೆಗೆ ನೋಂದಣಿಯ ಅವಧಿ ನೋಡಿ. 1996ರ ಕಾರಿಗೆ 2011ರಲ್ಲಿ ಹದಿನೈದು ತುಂಬಿತು, ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣ. 2021ರಲ್ಲಿ ತಂದೆಯವರು ಮಾಡಿಸಿದ್ದರೆ 2026ಕ್ಕೆ ಮುಗಿಯುತ್ತದೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದೆ. ಆಮದು ಮಾಡಿದ ಕಾರಾದರೆ 80,000. ನಿಮ್ಮದು ಮರ್ಸಿಡಿಸ್ ಆದರೂ ಪುಣೆಯಲ್ಲಿ ಜೋಡಿಸಿದ ಕಾರು. ಆರ್‌ಸಿಯಲ್ಲಿ ತಪ್ಪಾಗಿ ಆಮದು ಎಂದು ನಮೂದಾಗಿದ್ದರೆ ಕಾರು ಕೊಂಡಾಗಿನ ಇನ್‌ವಾಯ್ಸ್ ತೋರಿಸಿ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಇಲ್ಲವಾದರೆ ಒಂದು ಪದಕ್ಕೆ ಎಪ್ಪತ್ತು ಸಾವಿರ ಹೆಚ್ಚು ತೆರಬೇಕಾಗುತ್ತದೆ. ಹಳೆಯ ಕಾರಾದ್ದರಿಂದ ವಿಂಟೇಜ್ ರಿಯಾಯಿತಿ ಸಿಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. 2021ರ ನಿಯಮದ ಪ್ರಕಾರ ವಿಂಟೇಜ್ ಆಗಲು ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು. ನಿಮ್ಮ ಕಾರಿಗೆ ಅದು 2046ರಲ್ಲಿ. ಆಗಲೂ ‘ವಿಎ’ ಸಾಲಿನ ನಂಬರ್ ಪಡೆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ದುರಸ್ತಿಗಷ್ಟೇ ರಸ್ತೆಗೆ ಇಳಿಸಬಹುದು. ವಿಮೆ ಮಾಡಿಸುವಾಗ ಐದು ವರ್ಷ ದಾಟಿದ ಕಾರಿನ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಗೊತ್ತುಮಾಡಬಹುದು. ಏಜೆಂಟ್ ತನಗೆ ತೋಚಿದ ಸಣ್ಣ ಮೊತ್ತ ಬರೆಯಲು ಬಿಡದೆ ಫೋಟೋ, ದುರಸ್ತಿ ಬಿಲ್ಲುಗಳನ್ನು ಮುಂದಿಟ್ಟು ಸರಿಯಾದ ಮೊತ್ತ ಬರೆಸಿ.

ತಂದೆಯವರ ಕಪಾಟಿನಲ್ಲಿ ಹುಡುಕಿ ನೋಡಿ. ಮೊದಲ ಇನ್‌ವಾಯ್ಸ್, ಮಾಲೀಕರ ಕೈಪಿಡಿ, ಮೊಹರು ಹಾಕಿದ ಸರ್ವಿಸ್ ಪುಸ್ತಕ, ಎರಡನೆಯ ಕೀಲಿ, ಡಿಕ್ಕಿಯಲ್ಲಿನ ಟೂಲ್ ಕಿಟ್, ಮೂಲ ರೇಡಿಯೋ. ನೂರು ರೂಪಾಯಿಯದೆಂದು ಕಾಣುವ ಈ ವಸ್ತುಗಳು ಬೆಲೆಯನ್ನು ಹೊಸ ಬಣ್ಣಕ್ಕಿಂತ ಹೆಚ್ಚು ಏರಿಸುತ್ತವೆ. ಹತ್ತಿ ವ್ಯಾಪಾರಿಗಳು ಲೆಕ್ಕ ಬರೆದಿಡುವವರು. ಅವರು ಡೀಸೆಲ್ ಹಾಕಿಸಿದ, ಆಯಿಲ್ ಬದಲಿಸಿದ ಟಿಪ್ಪಣಿ ಸಿಕ್ಕರೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿಡಿ. ಓಡಿದ ಕಿಲೋಮೀಟರಿಗೆ ಅದಕ್ಕಿಂತ ನಂಬುವ ಸಾಕ್ಷಿ ಇಲ್ಲ.

ಹಾಗಾದರೆ ಬೆಲೆ ಎಷ್ಟು? ಕಾರು ನೋಡದೆ ಅಂಕಿ ಹೇಳುವುದು ನ್ಯಾಯವಲ್ಲ, ಆದರೆ ಲೆಕ್ಕ ಹಾಕುವ ದಾರಿ ಹೇಳುತ್ತೇನೆ. ಕಾಗದ ಸರಿಯಿರುವ, ಎಸಿ ತಂಪಿರುವ, ತುಕ್ಕಿಲ್ಲದ ಡಬ್ಲ್ಯು 124 ಡೀಸೆಲ್ ನಿಜವಾಗಿ ಯಾವ ಬೆಲೆಗೆ ಮಾರಾಟವಾಯಿತು ಎಂದು ಬೆಂಗಳೂರು ಪುಣೆಗಳಲ್ಲಿ ಮಾರಿದವರನ್ನೇ ವಿಚಾರಿಸಿ. ಅದರಿಂದ ನಿಮ್ಮ ಕಾರನ್ನು ಆ ಸ್ಥಿತಿಗೆ ತರುವ ಖರ್ಚು ಕಳೆಯಿರಿ. ಉಳಿಯುವುದೇ ಇಂದಿನ ಬೆಲೆ. ವ್ಯಾಪಾರಿಯ ಎರಡೂವರೆ ಲಕ್ಷ ಆ ಲೆಕ್ಕದಲ್ಲಿ ಅನ್ಯಾಯವೇನಲ್ಲದಿರಬಹುದು. ನಿಂತ ಕಾರು, ಸತ್ತವರ ಹೆಸರಿನ ಆರ್‌ಸಿ, ಎರಡರ ಅಪಾಯವನ್ನೂ ಅವನು ಬೆಲೆಯಲ್ಲಿ ಕಳೆದಿದ್ದಾನೆ. ಆ ಎರಡನ್ನೂ ನೀವೇ ಸರಿಪಡಿಸಿದರೆ ಕಳೆದದ್ದರಲ್ಲಿ ಬಹುಪಾಲು ನಿಮಗೆ ಮರಳುತ್ತದೆ. ಆದರೆ ಹತ್ತು ವರ್ಷದ ವಿಮೆ, ಬ್ಯಾಟರಿ, ಟೈರು, ರಬ್ಬರ್, ಶೆಡ್ಡಿನ ಜಾಗ ಎಲ್ಲ ಕೂಡಿಸಿದರೆ, ಬೆಲೆ ಏರಿದರೂ ಲಾಭ ಉಳಿಯುವುದು ಕಷ್ಟ. ಬ್ಯಾಂಕಿನ ಠೇವಣಿ ನಿದ್ರೆ ಮಾಡುವಾಗಲೂ ಬೆಳೆಯುತ್ತದೆ, ಕಾರು ನಿಂತಲ್ಲೇ ಕೆಡುತ್ತದೆ. ವಾರಕ್ಕೊಮ್ಮೆ ಅದರಲ್ಲಿ ಕುಟುಂಬ ಸಮೇತ ಹೊರಡುವವರಿಗೆ ಮಾತ್ರ ಆ ಖರ್ಚು ಸಾರ್ಥಕ, ಮತ್ತು ಅಂಥವರ ಕಾರಿಗೇ ಕೊನೆಗೆ ಒಳ್ಳೆಯ ಬೆಲೆಯೂ ಬರುತ್ತದೆ.

ಕೊನೆಯದಾಗಿ ಮುಂಬೈಯ ಡಬ್ಲ್ಯು 123. 1976ರಿಂದ 1986ರ ತನಕ ಸುಮಾರು 27 ಲಕ್ಷ ತಯಾರಾದ, ನನಗೆ ಬಹಳ ಪ್ರಿಯವಾದ ಮಾದರಿ ಅದು. ಆದರೂ ಈಗ ಬೇಡ ಎನ್ನುತ್ತೇನೆ. 1982ರ ಕಾರೆಂದರೆ ಆಮದಾದದ್ದು, ನವೀಕರಣದ ಶುಲ್ಕವೇ 80,000. ಮುಂಬೈಯ ಕಡಲ ಗಾಳಿಯಲ್ಲಿ ನಾಲ್ಕು ದಶಕ ಕಳೆದದ್ದು. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ದೊಡ್ಡ ಕಾರುಗಳ ಮೂಲ ಎಂಜಿನ್ ಕಿತ್ತು ಸಿಕ್ಕ ಡೀಸೆಲ್ ಎಂಜಿನ್ ಕೂರಿಸುವುದು ನಡೆದಿತ್ತು, ಅಂಥದ್ದಾದರೆ ಉತ್ಸಾಹಿಗಳ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಅಣ್ಣನವರು ಹೋಗಿ ನೋಡುವುದೇ ಆದರೆ ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಬಟ್ಟೆ ಸುತ್ತಿ ಬಾಡಿಯ ಕೆಳಭಾಗಕ್ಕೆ ಹಿಡಿದಾಗ ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಎಂಜಿನ್ ನಂಬರನ್ನು ಬ್ಲಾಕಿನ ಮೇಲೆಯೇ ಓದಿ ಆರ್‌ಸಿಗೆ ಹೋಲಿಸಲಿ, ಆಮದು ಸುಂಕ ಕಟ್ಟಿದ ಕಾಗದ ಕೇಳಲಿ, ಅಲ್ಲಿನ ಆರ್‌ಟಿಒ ಕಚೇರಿಯ ಎನ್‌ಒಸಿ ಕೈಗೆ ಬರುವ ತನಕ ಮುಂಗಡ ಕೊಡದಿರಲಿ. ಇಲ್ಲಿಗೆ ತಂದ ಮೇಲೆ ಕರ್ನಾಟಕದ ಆಜೀವ ತೆರಿಗೆಯೂ ಇದೆ. ಆ ಎಲ್ಲ ದುಡ್ಡನ್ನು ಈ ವರ್ಷ ಗದಗಿನ ಕಾರಿನ ಬ್ರೇಕು, ಬುಷ್, ಎಸಿಗೆ ಹಾಕಿ. ಲಿಫ್ಟಿಗೆ ಏರಿಸಿದಾಗ ಆ ಪ್ಲಾಸ್ಟಿಕ್ ಪಟ್ಟಿಗಳ ಹಿಂದಿನ ಫೋಟೋಗಳನ್ನು ಕಳಿಸಿಕೊಟ್ಟರೆ ತಗಡಿನ ಬಗ್ಗೆ ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.